ಕಸ್ತೂರೆಮ್ಮನ ಕೆಮ್ಮು, ನನ್ನ ಸಂಶೋಧನೆ

ವಿಜ್ಞಾನದ ಚರಿತ್ರೆಯಲ್ಲಿ ಮಸ್ಕಿಯ ಹೆಸರು ಬರೆಸಿಯೇ ತೀರುತ್ತೇನೆಂದು ನಾನು ಪಣ ತೊಟ್ಟದ್ದು ೧೯೫೩ರ ಮಳೆಗಾಲದಲ್ಲಿ. ಅಶೋಕ ಇಲ್ಲಿನ ಬಂಡೆಯ ಮೇಲೆ ಶಾಸನ ಬರೆಸಿ ಊರಿಗೆ ಹೆಸರು ತಂದ, ನಿಜ. ದಿನಾಲೂ ಕರಿಹಲಗೆಯ ಮೇಲೆ ಬರೆಯುವ ನಾನು, ವಿಜ್ಞಾನದ ಮಾಸ್ತರ ಅಮರಗುಂಡಪ್ಪ, ಏನು ಕಡಿಮೆ?

ಹಿಂದಿನ ಚಳಿಗಾಲ ಲಂಡನ್ ಶಹರದಲ್ಲಿ ಹೊಗೆ ಕವಿದು ಸಾವಿರಾರು ಜನ ಸತ್ತರೆಂದೂ, ಹೊಗೆ ಎದೆಗೂಡಿಗೆ ಏನು ಮಾಡುತ್ತದೆಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆಂದೂ ಪತ್ರಿಕೆಯಲ್ಲಿ ಓದಿದ್ದೆ. ಹೊಗೆಗಾಗಿ ನಾನು ಲಂಡನ್ನಿಗೆ ಹೋಗಬೇಕಿರಲಿಲ್ಲ. ನಮ್ಮ ಅಡುಗೆಮನೆಯಲ್ಲೇ ಬೇಕಾದಷ್ಟಿತ್ತು. ಕೆಮ್ಮಲು ಹೆಂಡತಿ ಕಸ್ತೂರೆಮ್ಮನೂ ಇದ್ದಳು.

“ನಿನ್ನ ಕೆಮ್ಮಿನ ಮ್ಯಾಲೆ ಸಂಶೋಧನೆ ಮಾಡಾಕತ್ತೀನಿ,” ಎಂದೆ.

“ಸಂಶೋಧನೆ ಅಂದ್ರ ಔಷಧ ಏನ್ರಿ?”

“ಅಲ್ಲ. ಹೊಗಿ ಕುಡದವರಿಗೆ ಏನಾಗ್ತದ, ಕುಡೀದವರಿಗೆ ಏನಾಗ್ತದ ಅಂತ ಹೋಲಿಸಿ ನೋಡೂದು. ನೀ ಒಲಿ ಮುಂದ ಕುಂದ್ರು. ನಾ ಪಡಸಾಲ್ಯಾಗ ಕುಂದ್ರತೀನಿ.”

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ಲಗ್ನ ಆದಾಗಿಂದ ಅದನ್ನ ಮಾಡಾಕತ್ತೀವಲ್ರಿ. ಅದರಾಗ ಹೊಸಾದೇನೈತಿ? ಅದಲು ಬದಲು ಮಾಡಿ ನೋಡ್ರಿ.”

ತರ್ಕಕ್ಕೆ ತಲೆಬಾಗದವನು ವಿಜ್ಞಾನಿಯೇ? ಮರುದಿನದಿಂದ ಶಾಲೆಗೆ ಹೋಗುವ ಮುನ್ನ ನಾನೇ ಒಲೆ ಹೊತ್ತಿಸತೊಡಗಿದೆ. ಮಳೆಗೆ ನೆನೆದ ಹತ್ತಿಕಟ್ಟಿಗೆ ಉರಿಯುವುದಕ್ಕಿಂತ ಹೆಚ್ಚು ಮುನಿಯುತ್ತಿತ್ತು. ನಾನು ಬಡಿದ ರೊಟ್ಟಿಯಲ್ಲಿ ಹೈದರಾಬಾದ್ ಸಂಸ್ಥಾನದ ನಕಾಶೆ ಮೂಡುತ್ತಿತ್ತು. ರಾಯಚೂರು ಜಿಲ್ಲೆ ಮಾತ್ರ ಸೀದಿರುತ್ತಿತ್ತು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತ ಕಸ್ತೂರೆಮ್ಮ ಅದನ್ನೇ ಹಿಂಡಿಪಲ್ಲೆಯ ಜೊತೆ ನೆಮ್ಮದಿಯಿಂದ ಉಣ್ಣುತ್ತಿದ್ದಳು.

ಮಳೆಗಾಲ ಮುಗಿಯುತ್ತ ಬರುವಷ್ಟರಲ್ಲಿ ಅವಳ ಕೆಮ್ಮು ನಿಂತಿತು, ನನ್ನದು ಶುರುವಾಯಿತು. ಸಿದ್ಧಾಂತ ಗೆದ್ದಿತ್ತು! ನಾನು ಕೆಮ್ಮುತ್ತಲೇ ಕುಣಿದೆ. ಸಾಕ್ಷಿಗೆಂದು ಲಿಂಗಸುಗೂರಿನ ಗೆಳೆಯ ಡಾಕ್ಟರ್ ಯೂನುಸರನ್ನು ಊಟಕ್ಕೆ ಕರೆದೆ.

ಅವರು ಬರುವ ದಿನ ಜಿಟಿಜಿಟಿ ಮಳೆ. ನೀರು ಬೀಳದಿರಲೆಂದು ಒಲೆಯ ಮೇಲಿನ ಮಾಳಿಗೆಯ ಬೆಳಕಿಂಡಿಗೆ ಕಲ್ಲು ಮುಚ್ಚಿತ್ತು. ಹೊರಗಿನ ಗಾಳಿ ನುಗ್ಗಿ ಪರೀಕ್ಷೆ ಕೆಡಬಾರದೆಂದು ಅಡುಗೆಮನೆಯ ಬಾಗಿಲನ್ನೂ ಹಾಕಿಕೊಂಡೆ. ಊದುಗೊಳವಿಯಿಂದ ಊದಿದ್ದೇ ಊದಿದ್ದು. ಸ್ವಲ್ಪ ಹೊತ್ತಿಗೆ ಒಲೆ ಎಲ್ಲಿ, ನಾನೆಲ್ಲಿ ಎಂಬುದು ತಿಳಿಯದಾಯಿತು.

ಬಾಗಿಲ ಸಂದಿಯಿಂದ ಹೊಗೆ ಅಂಗಳಕ್ಕೆ ಇಳಿಯಿತು. ಪಕ್ಕದ ಮನೆಯ ಜಂಗ್ಲಿಸಾಬ್ ಅದನ್ನು ಕಂಡ.

“ಮಾಸ್ತರ ಮನಿಗೆ ಬೆಂಕಿ ಬಿದ್ದೈತಿ, ಬರ್ರಿ!”

ಅವನು ಕೊಡ ಹೊತ್ತು ಮಾಳಿಗೆ ಏರಿದ, ಕಲ್ಲು ಸರಿಸಿದ, ಸುರಿದ. ನೀರು ಒಲೆಗೂ ಬಿತ್ತು, ನನಗೂ ಬಿತ್ತು. ಬೂದಿ ಮತ್ತು ಜೋಳದ ಹಿಟ್ಟು ಮೈತುಂಬ ಮೆತ್ತಿಕೊಂಡು ನಾನು ಹೊರಬಿದ್ದಾಗ, ಎದುರಿಗೆ ಕೊಡೆ ಹಿಡಿದು ಡಾಕ್ಟರು ನಿಂತಿದ್ದರು.

ಜಂಗ್ಲಿಸಾಬನ ಮನೆಯ ರೊಟ್ಟಿ ಉಂಡ ಮೇಲೆ ಅವರು ನಮ್ಮಿಬ್ಬರ ಎದೆಯನ್ನೂ ಪರೀಕ್ಷಿಸಿದರು.

“ಮಾಸ್ತರ, ನಿಮ್ಮ ಮಾತು ಖರೇ ಐತಿ. ಕಸ್ತೂರೆಮ್ಮ ಬಾಯಾರ ಎದಿ ಸಾಫ್ ಆಗೈತಿ. ನಿಮ್ಮದು ಭಾಳ ಖರಾಬ್.”

ಕೆಟ್ಟ ಸುದ್ದಿ ಕೇಳಿ ನಾನು ಅಷ್ಟು ಹಿಗ್ಗಿದ್ದು ಅದೇ ಮೊದಲು. “ಹಂಗಾದ್ರ ಹೈದರಾಬಾದಿನ ವಿಜ್ಞಾನಿಗಳಿಗೆ ಬರದು ಕಳಸೋಣಲ್ರಿ?”

“ಇಷ್ಟಕ್ಕ ಯಾರೂ ಒಪ್ಪೂದಿಲ್ಲ. ವರ್ಷಗಟ್ಟಲೆ ಹಿಂಗ ನಡಸಬೇಕು.”

“ನಡಸ್ರಿ ಡಾಕ್ಟರ್ ಸಾಹೇಬ್ರ,” ಎಂದಳು ಕಸ್ತೂರೆಮ್ಮ. “ವಿಜ್ಞಾನದ ಸಲುವಾಗಿ ನಾ ಎಷ್ಟು ವರ್ಷ ಬೇಕಾದ್ರೂ ಪಡಸಾಲ್ಯಾಗ ಕುಂದ್ರತೀನಿ.”

ಮರುದಿನ ಬೆಳಗಾಗುತ್ತಲೇ ಗೌಂಡಿ ದುರುಗಪ್ಪನನ್ನು ಕರೆತಂದೆ. ಒಲೆಯ ಮೇಲೆ ಹೊಗೆಗೂಡು ಕಟ್ಟಲು ಗೋಡೆ ಅಳೆಯುತ್ತ ಅವನು ಕೇಳಿದ: “ಈ ಮನಿ ಕಟ್ಟಿ ಎಷ್ಟು ವರ್ಷ ಆತ್ರಿ ಮಾಸ್ತರ. ಹೊಗಿಗೂಡು ಈಗ ನೆಪ್ಪಾತೇನ್ರಿ?”

ನಾನು ವಿಜ್ಞಾನದ ಭಾಷೆಯಲ್ಲಿ ವಿವರಿಸಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಸ್ತೂರೆಮ್ಮನೇ ಹೇಳಿಬಿಟ್ಟಳು:

“ಇಷ್ಟು ವರ್ಷ ಕೆಮ್ಮು ನನಗಿತ್ತಪಾ. ಈಗ ಅವರಿಗೆ ಬಂದೈತಿ.”