ಕಾನೂನು ಇದ್ದರೆ ಸಾಕೆಂದ ಅಧ್ಯಕ್ಷರಿಗೆ, ಊಟ ತಪ್ಪಿದ ಮತದಾರನ ಅರಿಕೆ

ಮಹಾ ಮಾನ್ಯರಾದ ಅಧ್ಯಕ್ಷರೇ,

ಈ ಚಳಿಯಲ್ಲಿ ತಾವು ಶ್ವೇತಭವನದ ಒಳಗೆ ಬೆಚ್ಚಗಿದ್ದೀರೆಂದೂ, ತಮ್ಮ ಊಟ ತಿಂಡಿಗಳು ಹೊತ್ತುಹೊತ್ತಿಗೆ ಬಿಸಿಬಿಸಿಯಾಗಿ ಮೇಜಿಗೆ ಬರುತ್ತಿವೆಯೆಂದೂ ನಂಬಿದ್ದೇನೆ. ದೇಶದ ಭಾರ ಹೊತ್ತವರಿಗೆ ಬರೆಯುವಾಗ ಮೊದಲ ಸಾಲಿನಲ್ಲೇ ಊಟದ ವಿಚಾರ ಎತ್ತುವುದು ಸಭ್ಯತೆಯಲ್ಲ ಎಂಬುದು ನನಗೆ ತಿಳಿದಿದೆ. ಆದರೆ ಈಚೆಗೆ ನನ್ನ ತಲೆಯಲ್ಲಿ ಬೇರೆ ವಿಚಾರಕ್ಕೆ ಜಾಗವೇ ಇಲ್ಲ, ಮತ್ತು ಅದಕ್ಕೆ ಕಾರಣ ತಾವೇ ಆಗಿರುವುದರಿಂದ ತಾವು ದೊಡ್ಡ ಮನಸ್ಸು ಮಾಡಿ ಓದುವಿರೆಂಬ ಭರವಸೆ ಇದೆ.

ನಾನು ಡೆಲ್ಬರ್ಟ್ ಕ್ರೌಸ್, ಒಹಾಯೊದ ಪಾರ್ಮಾ ಊರಿನವನು, ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ತಮಗೆ ಮತ ಹಾಕಿದವನು. ಬರೀ ಮತ ಹಾಕಿ ಸುಮ್ಮನಾದವನಲ್ಲ. ತಮ್ಮ ಹೆಸರಿದ್ದ ಫಲಕವನ್ನು ಮನೆಮುಂದಿನ ಹುಲ್ಲಿನಲ್ಲಿ ನೆಟ್ಟು, ಚುನಾವಣೆ ಮುಗಿದು ಬಹಳ ಕಾಲವಾದರೂ ಕೀಳದೆ, ಗಾಳಿಗೆ ವಾಲಿದಾಗಲೆಲ್ಲ ನೆಟ್ಟಗೆ ಮಾಡಿ ಕಾಪಾಡಿಕೊಂಡು ಬಂದವನು. ನನ್ನ ಹೆಂಡತಿ ಸ್ತೆಫಾನಿಯಾ ಉಕ್ರೇನಿನಲ್ಲಿ ಹುಟ್ಟಿದವಳು, ತಮಗೆ ಮತ ಹಾಕದವಳು. ಆದರೂ ಆ ಫಲಕದ ಸುತ್ತ ಹುಲ್ಲು ಕತ್ತರಿಸುವಾಗ ಅದಕ್ಕೆ ಏಟು ತಾಕದಂತೆ ನೋಡಿಕೊಳ್ಳುತ್ತಿದ್ದಳು. ನಮ್ಮ ದಾಂಪತ್ಯ ಅಷ್ಟು ಚೆನ್ನಾಗಿತ್ತು.

ಅವಳ ತಮ್ಮ ಮಿರ್ಕೊ ಇನ್ನೂ ಅಲ್ಲೇ ಇದ್ದಾನೆ, ಗುಂಡು ಹಾರುವ ಗಡಿಯ ಪಕ್ಕದ ಒಂದು ಸಣ್ಣ ಊರಿನಲ್ಲಿ. ಊರಿಗೆ ನೀರು ಹಾಯಿಸುವ ಪಂಪ್‌ಹೌಸ್ ನೋಡಿಕೊಳ್ಳುವುದು ಅವನ ಕೆಲಸ. ಆಚೆ ಬದಿಯ ರಷ್ಯಾ ಪರದವರು ಅದರ ಮೇಲೆ ಶೆಲ್ ಹಾಕುತ್ತಾರೆ, ಇವನು ರಿಪೇರಿ ಮಾಡುತ್ತಾನೆ, ಅವರು ಮತ್ತೆ ಹಾಕುತ್ತಾರೆ. ಪ್ರತಿ ಭಾನುವಾರ, ನಾವು ಚರ್ಚಿನಿಂದ ಬಂದು ಕೋಟು ಬಿಚ್ಚುವ ಹೊತ್ತಿಗೆ, ಅವನ ಫೋನು ಬರುತ್ತದೆ. ಹಾಗಾಗಿ, ನೆರೆಯವರ ನೆಲಕ್ಕೆ ಸೈನ್ಯ ನುಗ್ಗಿಸಿದ ರಷ್ಯಾದ ಆಯುಧ ಕಾರ್ಖಾನೆಗಳೊಡನೆ ಯಾರು ದೊಡ್ಡ ವ್ಯಾಪಾರ ಮಾಡುತ್ತಾರೋ ಅವರಿಗೂ ನಿರ್ಬಂಧ ಹಾಕಬೇಕೆಂಬ ಕಾನೂನು ತಮ್ಮ ಸಂಸತ್ತಿನ ಮುಂದೆ ಬಂದಾಗ, ಸ್ತೆಫಾನಿಯಾ ಮತ್ತು ಚರ್ಚಿನ ಅಡುಗೆಮನೆಯ ಹೆಂಗಸರು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಕಂಡಕಂಡ ಸಂಸದರ ಕಚೇರಿಗಳಿಗೆಲ್ಲ ಫೋನು ಮಾಡಿದರು. ಎರಡೂ ಸದನಗಳಲ್ಲಿ, ಎರಡೂ ಪಕ್ಷದವರು, ಊರ ಹಬ್ಬಕ್ಕೆ ಕೈ ಎತ್ತಿದಂತೆ ಎತ್ತಿದರು. ತಾವು ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದಿರಿ. ಸಹಿಗೆ ಮುಖ ಬೇಕಿಲ್ಲ ಎಂದುಕೊಂಡು ನಾವು ಚರ್ಚಿನ ನೆಲಮಾಳಿಗೆಯಲ್ಲಿ ಆಲೂಗಡ್ಡೆ ತುಂಬಿದ ವರೆನಿಕಿ ಕಡುಬನ್ನು ಬೆಣ್ಣೆ ಈರುಳ್ಳಿಯಲ್ಲಿ ಹೊರಳಿಸಿ ಹೊಟ್ಟೆ ಬಿರಿಯೆ ತಿಂದೆವು. ಅಂದು ನಾನು ಎದ್ದು ನಿಂತು, ನಾನು ಮತ ಹಾಕಿದ ಮನುಷ್ಯ ಹೇಗಿದ್ದಾನೆ ನೋಡಿ ಎಂದು ಎಲ್ಲರೆದುರು ಜಂಬ ಕೊಚ್ಚಿಕೊಂಡೆ.

ಜನವರಿ ಬಂತು. ಕಾನೂನಿನಂತೆ ಶಿಕ್ಷೆಗಳು ಶುರುವಾಗಬೇಕಾದ ದಿನ ಸ್ತೆಫಾನಿಯಾ ಟಿವಿಯ ಮುಂದೆ ಕುಳಿತಳು. ತಮ್ಮ ವಕ್ತಾರರು ಬಂದು ಬಹಳ ನಯವಾಗಿ, ಕಾನೂನು ಇದೆ ಎಂಬ ಹೆದರಿಕೆಯಿಂದಲೇ ಎಲ್ಲರೂ ಆ ವ್ಯಾಪಾರದಿಂದ ಹಿಂದೆ ಸರಿಯುತ್ತಿದ್ದಾರೆ, ಆದ್ದರಿಂದ ಸದ್ಯಕ್ಕೆ ಅದನ್ನು ಯಾರ ಮೇಲೂ ಜಾರಿ ಮಾಡುವ ಅಗತ್ಯ ಕಾಣುವುದಿಲ್ಲ ಎಂದು ಹೇಳಿ ಹೋದರು. ನಾನು ಕಾರ್ಖಾನೆಯಲ್ಲಿದ್ದಾಗ ಇಂಥ ವಾದ ಹೊಳೆದಿದ್ದರೆ, ನನಗೆ ಕೆಲಸ ಇದೆ ಎಂಬುದೇ ಸಾಕು, ಮಾಡುವ ಅಗತ್ಯವಿಲ್ಲ ಎಂದು ಹೇಳಿ ಎಷ್ಟು ಬೆಳಗಿನ ನಿದ್ದೆ ಉಳಿಸಿಕೊಳ್ಳಬಹುದಿತ್ತು. ಅಷ್ಟು ದೊಡ್ಡ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಸ್ತೆಫಾನಿಯಾ ಬೈಯಲಿಲ್ಲ. ಟಿವಿ ಆರಿಸಿ, ಕನ್ನಡಕ ತೆಗೆದು, "ಡೆಲ್, ಈಗ ಅವರು ಏನಂದ್ರು? ನಂಗೆ ಇಂಗ್ಲಿಷ್ ಸರಿಯಾಗಿ ಅರ್ಥ ಆಗ್ಲಿಲ್ವೋ ಏನೋ," ಎಂದಳು. ಅವಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿದೆ.

"ಕಾನೂನು ಇದ್ರೆ ಸಾಕಂತೆ," ಎಂದೆ.

"ಹೌದಾ. ಹಾಗಾದ್ರೆ ಹುಲ್ಲಿನ ಮೇಲಿರೋ ಆ ಹಲಗೆ ಕಿತ್ತು ಹಾಕು."

"ನನ್ನ ಮನೆ, ನನ್ನ ಹಲಗೆ. ಯಾಕೆ ಕೀಳ್ಲಿ?"

"ನಿನ್ನಿಷ್ಟ. ಅದು ಅಲ್ಲಿರೋವರೆಗೂ ನಿಂಗೆ ನನ್ನ ಅಡುಗೆ ಇಲ್ಲ."

ಮಾನ್ಯರೇ, ಆ ಕ್ಷಣದಲ್ಲಿ ತಮ್ಮ ಸರಕಾರದ ನೀತಿಯನ್ನು ಇಡೀ ದೇಶದಲ್ಲಿ ನನ್ನಷ್ಟು ನಿಷ್ಠೆಯಿಂದ ಯಾರೂ ಬಳಸಿರಲಾರರು. ನಾನು ಹೇಳಿದೆ, "ನೋಡು ಸ್ತೆಫಾ, ನಿನ್ನ ಬೆದರಿಕೆ ಈಗಾಗ್ಲೇ ಕೆಲಸ ಮಾಡ್ತಿದೆ. ನಂಗೆ ಭಯ ಆಗಿದೆ. ಇನ್ನು ಜಾರಿ ಮಾಡೋ ಅವಶ್ಯಕತೆ ಏನಿದೆ?"

"ನಾನು ಅಧ್ಯಕ್ಷೆ ಅಲ್ಲ ಡೆಲ್, ಹೆಂಡತಿ," ಎಂದು ಹೇಳಿ ಅವಳು ಒಬ್ಬಳಿಗೆ ಬೇಕಾದಷ್ಟೇ ಬೀಟ್‌ರೂಟ್ ಸಾರು ಮಾಡಿಕೊಂಡಳು.

ನಿರ್ಬಂಧವೆಂದರೇನು ಎಂಬುದು ತಮಗೆ ಮರೆತುಹೋಗಿರಬಹುದಾದ್ದರಿಂದ, ಅದು ನಡೆಯುವ ರೀತಿಯನ್ನು ಅನುಭವದಿಂದ ನಿವೇದಿಸುತ್ತೇನೆ. ಮೊದಲ ದಿನಗಳು ಡಬ್ಬಿಯ ಸೂಪಿನಲ್ಲಿ ಕಳೆದವು. ಶುಕ್ರವಾರ ಚರ್ಚಿನಲ್ಲಿ ವರೆನಿಕಿ ಮಾರುತ್ತಾರೆ, ಅಲ್ಲಿಗೆ ಹೋದರೆ ಅಡುಗೆಮನೆಯ ಹಿರಿಯಳಾದ ಉಲಾನಾ ನನ್ನನ್ನು ಕಂಡು, "ನಿಮಗಿಲ್ಲ ಡೆಲ್. ಚಳಿ ಜಾಸ್ತಿಯಿದೆ, ಬೇಗ ಮನೆ ಸೇರ್ಕೊಳಿ," ಎಂದಳು. ಸರಿ, ಪಕ್ಕದ ಮನೆಯ ಗಸ್ ನನ್ನ ಹಳೆಯ ಗೆಳೆಯ, ಅವನೂ ತಮ್ಮದೇ ಮತದಾರ. ಅವನನ್ನು ಕಳಿಸಿ ಎರಡು ಪೊಟ್ಟಣ ತರಿಸಿ, ಅವನ ಗ್ಯಾರೇಜಿನಲ್ಲಿ ನಿಂತುಕೊಂಡು ತಿಂದೆ. ಮುಂದಿನ ಶುಕ್ರವಾರ ಉಲಾನಾ ಗಸ್‌ಗೂ ಕಡುಬು ಕೊಡಲಿಲ್ಲ. "ನಿರ್ಬಂಧ ಇರೋರ ಜೊತೆ ವ್ಯವಹಾರ ಮಾಡಿದ್ರೆ ನಿಮಗೂ ಅದೇ ಗತಿ," ಎಂದಳಂತೆ. ಗಸ್ ನನ್ನ ಬಾಗಿಲಿಗೆ ಬಂದು, "ನೋಡಪ್ಪಾ, ನಿನ್ನ ಸ್ನೇಹ ಬೇಕು, ಇಲ್ಲ ಅನ್ನಲ್ಲ. ಆದ್ರೆ ನಂಗೆ ಶುಕ್ರವಾರನೂ ಬೇಕು," ಎಂದು ಹೇಳಿ ಹೋದವನು ಬೇಲಿಯ ಆಚೆಯಿಂದ ಮಾತ್ರ ಕೈಬೀಸಲು ಶುರುಮಾಡಿದ. ತಮ್ಮ ಸಂಸತ್ತು ಬಹಳ ತಲೆ ಓಡಿಸಿ ಬರೆದ ಕಾನೂನಿನ ತಿರುಳೇ ಇದು, ಸ್ವಾಮಿ. ಪಾರ್ಮಾದ ಒಂದು ನೆಲಮಾಳಿಗೆಯಲ್ಲಿ ಹಿಟ್ಟು ಕಲಸುವ ಹೆಂಗಸರು ಅದನ್ನು ಯಾವ ವಕ್ತಾರರ ಸಹಾಯವೂ ಇಲ್ಲದೆ ನಡೆಸಿಬಿಟ್ಟರು.

ಹೊರಗಡೆಯೂ ಗಲಾಟೆ ಎದ್ದಿತ್ತು. ಪತ್ರಿಕೆಗಳು ಕೂಗಿದವು, ತಮಗೆ ಮತ ಹಾಕದವರು ಕೂಗಿದರು, ಹಾಕಿದವರಲ್ಲಿ ಕೆಲವರು ಕೆಮ್ಮಿದರು. ನಮ್ಮ ಸಂಸದರ ಕಚೇರಿಯ ಮುಂದೆ ಚರ್ಚಿನ ಹೆಂಗಸರು ಹಿಮದಲ್ಲಿ ನಿಂತರು. ಸಂಸದರು ಕೊನೆಗೆ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಸಭೆ ಕರೆದರು. ಸ್ತೆಫಾನಿಯಾಗೆ ಮಂಡಿನೋವು, ಹಿಮದಲ್ಲಿ ಕಾರು ಓಡಿಸಲಾರಳು. "ಕಾರು ಓಡಿಸೋದು ನಿರ್ಬಂಧದಲ್ಲಿ ಬರಲ್ಲ," ಎಂದು ಕೀಲಿಕೈಯನ್ನು ನನ್ನ ಮುಂದಿಟ್ಟಳು.

ಅದರ ಹಿಂದಿನ ಭಾನುವಾರ ಮಿರ್ಕೊನ ಫೋನು ಬಂದಿರಲಿಲ್ಲ. ಅವಳು ಕೋಟು ಬಿಚ್ಚದೆ ಫೋನಿನ ಪಕ್ಕ ಕುಳಿತಿದ್ದಳು. ಮಧ್ಯಾಹ್ನ ಹೊರಳಿದ ಮೇಲೂ ಕುಳಿತಿದ್ದಳು. ಆಮೇಲೆ ತಾನೇ ಮಾಡಿದಳು, ಅತ್ತ ಗಂಟೆಯೇ ಹೊಡೆಯಲಿಲ್ಲ. ಅಂದು ಅವಳಿಗಾಗಿ ನಾನೊಂದು ಡಬ್ಬಿ ಸೂಪು ಬಿಸಿ ಮಾಡಿ ಕೊಟ್ಟೆ. ಅವಳು ಕುಡಿಯಲಿಲ್ಲ, ಆದರೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಈ ವಿಷಯ ಇಲ್ಲಿ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ತಮ್ಮ ಮುಂದೆ ಬರುವ ಕಡತಗಳಲ್ಲಿ ಇಂಥವು ಇರಲಾರವು ಎನ್ನಿಸಿದ್ದರಿಂದ ಬರೆದಿದ್ದೇನೆ.

ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಸದರು ಆ ಕಾನೂನಿನ ಪರವಾಗಿ ಮತ ಹಾಕಿದ್ದನ್ನು ಎದೆಯುಬ್ಬಿಸಿ ಹೇಳಿದರು. ಅದನ್ನು ಜಾರಿ ಮಾಡದಿರುವುದೂ ಅಷ್ಟೇ ಒಳ್ಳೆಯದೆಂದು ಅದೇ ಉಸಿರಿನಲ್ಲಿ ಹೇಳಿದರು. ಸ್ತೆಫಾನಿಯಾ ಮೈಕು ಹಿಡಿದು ಎದ್ದಳು.

"ನನ್ನ ತಮ್ಮ ನೀರು ಬಿಡೋನು," ಎಂದಳು. "ಯುದ್ಧ ಮಾಡೋನಲ್ಲ. ಬರೀ ನೀರು ಬಿಡ್ತಾನೆ. ಅವನ ಮೇಲೆ ಬೀಳೋ ಶೆಲ್ಲು ಯಾರದೋ ದುಡ್ಡಲ್ಲಿ ತಯಾರಾಗುತ್ತೆ. ಆ ದುಡ್ಡು ನಿಲ್ಸಿ ಅಂತ ನಾವು ಕೇಳಿದ್ವಿ, ನೀವು ಆಗ್ಲಿ ಅಂದ್ರಿ. ಈಗ..." ಅಲ್ಲಿಗೆ ಅವಳ ಇಂಗ್ಲಿಷ್ ನಿಂತುಹೋಯಿತು. ಉಕ್ರೇನಿಯನ್ ಕೂಡ ಬರಲಿಲ್ಲ. ಮೈಕನ್ನು ಪಕ್ಕದವಳ ಕೈಗೆ ಕೊಟ್ಟು ಕುಳಿತಳು.

ಸಂಸದರು ಕಣ್ಣಾಡಿಸಿ ಗುರುತಿನ ಮುಖವೊಂದನ್ನು ಹುಡುಕಿದರು. ತಮ್ಮ ಫಲಕ ನೆಡುವ ದಿನ ಅವರೂ ನಮ್ಮ ಬೀದಿಯಲ್ಲಿದ್ದರು. "ಡೆಲ್ ಇಲ್ಲಿದ್ದಾರೆ," ಎಂದರು ನಗುತ್ತ. "ಡೆಲ್, ನೀವೇ ಹೇಳಿ. ಅಧ್ಯಕ್ಷರ ಮೇಲೆ ನಮಗೆ ನಂಬಿಕೆ ಇದೆ ತಾನೇ?"

ಎದ್ದು ನಿಂತೆ. ಹೇಳಬೇಕೆಂದುಕೊಂಡದ್ದು ತಮ್ಮ ಪರವಾಗಿಯೇ, ಆಣೆಯಿಟ್ಟು ಹೇಳುತ್ತೇನೆ. ಪಕ್ಕದಲ್ಲಿ ಸ್ತೆಫಾನಿಯಾ ತಲೆ ಎತ್ತಿರಲಿಲ್ಲ. ಬಾಯಿಂದ ಬಂದದ್ದು ಬೇರೆಯೇ.

"ನಂಬಿಕೆ ಇರ್ಲಿ ಸಾರ್," ಎಂದೆ. "ಒಂದು ಅನುಮಾನ. ನೀವೆಲ್ಲ ಸೇರಿ ಮಾಡಿದ್ದು ಕಾನೂನೋ, ಹೊಸ ವರ್ಷದ ಶುಭಾಶಯವೋ?"

ಸಭೆ ನಕ್ಕಿತು. ಸಂಸದರೂ ನಕ್ಕರು, ಆದರೆ ಸ್ವಲ್ಪ ಬೇಗ ನಿಲ್ಲಿಸಿದರು. ತಮಗೆ ಪತ್ರ ಬರೆಯುವುದಾಗಿ ಮಾತು ಕೊಟ್ಟರು. ತಲುಪಿದ್ದರೆ ಇದರ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಮನೆಗೆ ಬರುವಾಗ ಕಾರಿನಲ್ಲಿ ಸ್ತೆಫಾನಿಯಾ ನನ್ನ ಕಡೆ ತಿರುಗಿ, "ಚೆನ್ನಾಗಿ ಕೇಳ್ದೆ," ಎಂದಳು. ಅಂದೂ ನನಗೆ ಊಟವಿರಲಿಲ್ಲ. ಫಲಕ ಇನ್ನೂ ಅಲ್ಲೇ ಇತ್ತಲ್ಲ.

ಮತ್ತೆರಡು ದಿನ ಕಳೆದು ಬೆಳಿಗ್ಗೆ ಮಿರ್ಕೊನ ಫೋನು ಬಂತು. ಪಂಪ್‌ಹೌಸಿನ ಗೋಡೆ ಹೋಗಿತ್ತು, ಫೋನಿನ ಕಂಬ ಹೋಗಿತ್ತು, ಅವನ ಒಂದು ಕಿವಿ ಇನ್ನೂ ಕೇಳಿಸುತ್ತಿರಲಿಲ್ಲ, ಜೀವ ಉಳಿದಿತ್ತು. ಸ್ತೆಫಾನಿಯಾ ಮೊದಲು ಅತ್ತಳು, ಆಮೇಲೆ ಟೋಪಿ ಹಾಕಿಕೊಳ್ಳದೆ ತಿರುಗುತ್ತೀಯಾ ಎಂದು ಬೈದಳು. ಅವನು ಏನೋ ಕೇಳಿದ. ಅವಳು ಫೋನನ್ನು ನನ್ನ ಕೈಗಿಟ್ಟು ಕಿಟಕಿಯ ಕಡೆ ಹೋದಳು.

ಅವನದು ಅರೆಬರೆ ಇಂಗ್ಲಿಷ್, ನನ್ನದು ಅರೆಬರೆ ಉಕ್ರೇನಿಯನ್. "ಭಾವ, ಆ ಕಾನೂನು ಏನಾಯ್ತು?" ಎಂದು ಕೂಗಿ ಕೇಳಿದ.

"ಇದೆ ಮಿರ್ಕೊ," ಎಂದೆ ನಾನೂ ಕೂಗಿ. "ಕಾನೂನು ಇದೆ. ಜಾರಿ ಮಾಡ್ತಿಲ್ಲ ಅಷ್ಟೆ."

ಅವನು ನಕ್ಕ. "ಹಾಗಾ," ಎಂದ. "ನಮ್ಮೂರಲ್ಲೂ ಮನೆಮನೆಗೆ ನಲ್ಲಿ ಇದೆ ಭಾವ. ನೀರು ಬರ್ತಿಲ್ಲ ಅಷ್ಟೆ."

ಅವನು ಕೊಂಕು ಆಡಿದ್ದಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಅದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಫೋನಿಟ್ಟು ಚಪ್ಪಲಿಯಲ್ಲೇ ಹೊರಗೆ ಹೋದೆ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ತಮ್ಮ ಫಲಕವನ್ನು ಎಳೆದೆ, ಅಲ್ಲಾಡಿಸಿದೆ, ಒದ್ದೆ. ತಾವು ಬಹಳ ಗಟ್ಟಿಯಾಗಿ ಊರಿದ್ದೀರಿ. ಗಸ್ ಬೇಲಿಯ ಆಚೆ ನಿಂತು ನೋಡುತ್ತಿದ್ದವನು ಈಚೆ ದಾಟಿ ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಜಗ್ಗಿದೆವು. ಗೂಟ ಲಟಕ್ಕನೆ ಮುರಿದು ಇಬ್ಬರೂ ಹಿಮದಲ್ಲಿ ಕುಳಿತೆವು. ಒಳಗೆ ಬಂದಾಗ ಸ್ತೆಫಾನಿಯಾ ನನ್ನ ಒದ್ದೆ ಕಾಲನ್ನು ನೋಡಿ ಬಾಣಲೆಗೆ ಬೆಣ್ಣೆ ಹಾಕಿದಳು. ತಮ್ಮ ಅವಗಾಹನೆಗಾಗಿ: ನಿರ್ಬಂಧ ಕೆಲಸ ಮಾಡಿತು. ಜಾರಿ ಮಾಡಿದ್ದರಿಂದ ಮಾಡಿತು.

ಇಷ್ಟೆಲ್ಲ ಬರೆದವನು ಏನನ್ನೂ ಬೇಡದೆ ಮುಗಿಸಿದರೆ ತಮಗೆ ಬೇಸರವಾಗಬಹುದು. ಆದ್ದರಿಂದ ಮೊದಲನೆಯದಾಗಿ, ತಮ್ಮ ಸರಕಾರದಲ್ಲಿ ನಿರ್ಬಂಧಗಳನ್ನು ನೋಡಿಕೊಳ್ಳುವ ಖಾತೆಯನ್ನು ಚಳಿಗಾಲ ಮುಗಿಯುವವರೆಗಾದರೂ ಉಲಾನಾಗೆ ವಹಿಸಿಕೊಡಬೇಕು. ಶುಕ್ರವಾರ ಒಂದು ಬಿಟ್ಟು ಮಿಕ್ಕ ದಿನ ಅವಳು ಬಿಡುವಾಗಿರುತ್ತಾಳೆ. ಅದು ಆಗದಿದ್ದರೆ, ತಮ್ಮ ವಕ್ತಾರರನ್ನು ಒಂದು ಭಾನುವಾರದ ಮಟ್ಟಿಗೆ ನಮ್ಮ ಮನೆಗೆ ಕಳಿಸಿಕೊಟ್ಟು, ಮಿರ್ಕೊನ ಫೋನು ಬಂದಾಗ, ಕಾನೂನು ಇದ್ದರೆ ಸಾಕು ಎಂಬ ಮಾತನ್ನು ಅವನ ಸರಿಯಾಗಿ ಕೇಳುವ ಕಿವಿಗೆ ಅವರ ಬಾಯಿಂದಲೇ ಹೇಳಿಸಬೇಕು. ಊಟ ನಮ್ಮಲ್ಲೇ ಮಾಡಬಹುದು. ಅಡುಗೆ ಇರುತ್ತದೆ, ಬಡಿಸುವ ವಿಚಾರ ಸ್ತೆಫಾನಿಯಾಗೆ ಬಿಟ್ಟದ್ದು.

ಖರ್ಚಾಗಿ ಉಳಿದಷ್ಟು ವಿಶ್ವಾಸದೊಡನೆ,
ತಮ್ಮ ವಿಶ್ವಾಸಿ,
ಡೆಲ್ಬರ್ಟ್ ಕ್ರೌಸ್
ಪಾರ್ಮಾ, ಒಹಾಯೊ

ಮರೆತ ಮಾತು: ಮುಂದಿನ ಚುನಾವಣೆಗೆ ತಮ್ಮ ಪಕ್ಷದವರು ಈಗಲೇ ಫೋನು ಮಾಡಿ ನನ್ನ ಮತ ತಮಗೇ ಇದೆಯೇ ಎಂದು ಕೇಳುತ್ತಿದ್ದಾರೆ. ಇದೆ ಎಂದು ಹೇಳಿದ್ದೇನೆ. ಅದು ಇದ್ದರೆ ಸಾಕಲ್ಲವೇ, ಆ ದಿನ ಹೋಗಿ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.