ಗಡಿಯಲ್ಲಿ ಸಾಸಿವೆ ಸಿಡಿದ ದಿನಗಳು

ಮಿಲಿಟರಿಯಿಂದ ನಿವೃತ್ತನಾಗಿ ಈಗ ದಾವಣಗೆರೆಯ ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲಿಗಿದ್ದೇನೆ. ಕಾಶ್ಮೀರದ ಗಡಿಯಲ್ಲಿದ್ದವನು ಎಂದು ಗೊತ್ತಾದ ಮೇಲೆ ಪಾಸ್‌ಬುಕ್ ಹಿಡಿದು ಬಂದವರೆಲ್ಲ ಒಂದು ನಿಮಿಷ ನಿಂತು, "ಎಷ್ಟು ಮಂದಿನ ಹೊಡೆದ್ರಿ?" ಎಂದು ಕೇಳಿಯೇ ಒಳಗೆ ಹೋಗುವುದು. ಅವರಿಗೆ ರುಚಿಸುವಂಥ ಕಥೆ ನನ್ನ ಹತ್ತಿರ ಇಲ್ಲ. ಗುಂಡು ಹಾರುವ ಜಾಗದಲ್ಲಿ ನಗೆಗೆ ಬರ ಎಂದುಕೊಂಡರೆ ಅದು ತಪ್ಪು. ನನ್ನ ಪಾಲಿಗಂತೂ ಒಂದು ಮುಗಿಯಿತು ಎನ್ನುವುದರೊಳಗೆ ಇನ್ನೊಂದು ಬರುತ್ತಿತ್ತು, ಅದೂ ನೇರವಾಗಿ ನನ್ನ ಮದುವೆಯ ಬುಡಕ್ಕೇ ಬರುತ್ತಿತ್ತು.

೧. ಅವ್ವ ಕೊಟ್ಟ ಹೊಸ ಕೆಲಸ

ರಜೆಯಲ್ಲಿ ಊರಿಗೆ ಬಂದಿದ್ದಾಗ ಅವ್ವ ನನ್ನನ್ನು ನಂದಿಗುಡಿಗೆ ಹೆಣ್ಣು ನೋಡಲು ಕರೆದುಕೊಂಡು ಹೋದಳು. ಹುಡುಗಿಯ ತಂದೆ ಭತ್ತದ ಗದ್ದೆ ಮಾಡಿಕೊಂಡಿದ್ದ ನೇರ ಮನುಷ್ಯರು. ಹುಡುಗಿ ಚಹಾ ಕೊಟ್ಟು, ನನ್ನ ಮಿಲಿಟರಿ ಕಟಿಂಗ್ ನೋಡಿ ತುಟಿ ಬಿಗಿಹಿಡಿದು ನಕ್ಕು, ಒಳಗೆ ಹೋದಳು. ಅಷ್ಟೇ. ನನಗೆ ಆ ಹುಡುಗಿ ವಿಪರೀತ ಹಿಡಿಸಿಬಿಟ್ಟಳು.

ಅವಳ ತಂದೆ ಗಂಟಲು ಸರಿಮಾಡಿಕೊಂಡು ಹೇಳಿದರು, "ನೋಡ್ರಿ ಅಮ್ಮಾರೆ, ಹುಡುಗ ಚಲೋ ಇದಾನೆ. ಆದ್ರೆ ನಮಗಿರೋದು ಒಬ್ಬಳೇ ಮಗಳು. ಬಂದೂಕು ಹಿಡಿದು ಗಡಿ ಮ್ಯಾಲೆ ನಿಲ್ಲೋನಾದ್ರೆ ಬ್ಯಾಡ. ಆಫೀಸು ಗೀಫೀಸು ಕಡೆ ಇದ್ರೆ ಮಾತು ಮುಂದುವರ್ಸಾಣ."

ನಾನು ಬಾಯಿ ತೆರೆಯುವುದರೊಳಗೆ ಅವ್ವ ಶುರು ಮಾಡಿದ್ದಳು. "ಅಯ್ಯ, ಇವನಿಗೆಲ್ಲಿ ಬಂದೂಕು ಕೊಡ್ತಾರ್ರಿ. ಮಿಲ್ಟ್ರಿ ಅಡಿಗೆ ಮನೆ ಪೂರಾ ಇವನ ಕೈಯಾಗೇ ಐತೆ. ಇವನು ಒಲೆ ಹಚ್ಚಿದ್ರೇ ಉಳಿದೋರಿಗೆ ಊಟ."

ಮಾತು ಪಕ್ಕಾ ಆಯಿತು. ನಿಶ್ಚಿತಾರ್ಥ ಮುಂದಿನ ರಜೆಯಲ್ಲಿ ಎಂದು ನಿಗದಿಯಾಯಿತು. ದಾವಣಗೆರೆಯ ಆನೆಕೊಂಡದ ನಮ್ಮ ಮನೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಅವ್ವನಿಗೆ ಅಂದೆ, "ಅವ್ವಾ, ನನಗೆ ಚಾ ಮಾಡಾಕೂ ಬರಲ್ಲ."

ಅವ್ವ ಕಿಟಕಿಯಿಂದ ಮುಖ ತಿರುಗಿಸದೆ ಅಂದಳು, "ಅದಕ್ಯಾಕ ಚಿಂತೆ ಮಾಡ್ತೀಯ? ನಂದಿಗುಡಿಯಿಂದ ಕಾಶ್ಮೀರಕ್ಕೆ ಉಣ್ಣಾಕೆ ಯಾರು ಬರ್ತಾರೆ?"

೨. ಚೀಪಿ ತಿಂದ ಮಂಡಕ್ಕಿ

ನಮ್ಮ ಠಾಣೆ ಇದ್ದದ್ದು ಒಂದು ಗುಡ್ಡದ ನೆತ್ತಿಯಲ್ಲಿ. ಇಪ್ಪತ್ತು ಜನ. ಬಂಕರಿನಲ್ಲಿ ಮಲಗುವುದು, ಹಿಮ ಕರಗಿಸಿ ನೀರು ಕುಡಿಯುವುದು, ಸರದಿಯ ಮೇಲೆ ಎದುರಿನ ಗುಡ್ಡ ನೋಡುತ್ತ ನಿಲ್ಲುವುದು, ಇದೇ ದಿನಚರಿ. ಸಾಮಾನೆಲ್ಲ ಕೆಳಗಿನ ಕ್ಯಾಂಪಿನಿಂದ ಹೇಸರಗತ್ತೆಗಳ ಮೇಲೆ ಬರಬೇಕಿತ್ತು.

ಒಂದು ದಿನ ನನ್ನ ಹೆಸರಿಗೆ ಆಳೆತ್ತರದ ಒಂದು ಮೂಟೆ ಬಂತು. ಅದರ ಗಾತ್ರ ನೋಡಿದ ಹೇಸರಗತ್ತೆಯವನು ಕೆಳಗೆ ಕ್ಯಾಂಪಿನಲ್ಲಿ ಕಾಲು ಊರಿ, ಉಸಿರು ಕಟ್ಟಿ, ದಮ್ಮು ಹಾಕಿ ಎತ್ತಿದನಂತೆ. ಮೂಟೆ ಅವನ ತಲೆ ದಾಟಿ ಹಿಂದಕ್ಕೆ ಹೋಯಿತಂತೆ, ಅವನೂ ಅದರ ಜೊತೆಗೇ ಹೋದನಂತೆ. ಒಳಗಿದ್ದದ್ದು ಮಂಡಕ್ಕಿ. ಜೊತೆಗೆ ನನ್ನ ಭಾವಿ ಮಾವನವರ ಚೀಟಿ: "ಅಳಿಯಂದಿರಿಗೆ ಆಶೀರ್ವಾದ. ನಿಮ್ಮ ಅಡಿಗೆ ಮನೆಗೆ ಅಂತ ಮಂಡಕ್ಕಿ, ಶೇಂಗಾ, ಖಾರ ಕಳಿಸೀನಿ. ಬಂದೂಕು ಹಿಡಿಯೋ ಹುಡುಗರಿಗೆ ಸಂಜೆ ಹೊತ್ತು ಕಲಸಿ ಕೊಡ್ರಿ, ಪಾಪ."

ಓದಿ ನನಗೆ ನಾಚಿಕೆಯಾಯಿತು. ಆದರೆ ಮಂಡಕ್ಕಿ ಮಂಡಕ್ಕಿಯೇ. ಬಂಕರಿನ ಒಲೆಯ ಮೇಲೆ ಗರಿಗರಿಯಾಗಿ ಬಿಸಿ ಮಾಡಿ, ಈರುಳ್ಳಿ ಹಾಕಿ ಕಲಸಿ, ಎಲ್ಲರಿಗೂ ಒಂದೊಂದು ತಟ್ಟೆ ಕೊಟ್ಟೆ. ದಾವಣಗೆರೆಯವನು ಬೇರೇನೂ ಬಾರದಿದ್ದರೂ ಇದನ್ನು ಮಾಡಿಯಾನು. ಆದರೆ ಅದು ಸೂರ್ಯ ಮುಳುಗುವ ಹೊತ್ತು, ಎಲ್ಲರೂ ಉಸಿರು ಬಿಗಿಹಿಡಿದು ಕಾವಲು ನಿಲ್ಲಬೇಕಾದ ಸಮಯ. ಇಪ್ಪತ್ತು ಬಾಯಿಗಳು ಒಟ್ಟಿಗೆ ಕರುಂ ಕುರುಂ ಎಂದಾಗ ಹರಿಯಾಣದ ನಮ್ಮ ಸುಬೇದಾರರು ಓಡಿ ಬಂದು ಹಿಂದಿಯಲ್ಲಿ ಪಿಸುಗುಟ್ಟಿದರು, "ನಿಲ್ಲಿಸಿ. ಆ ಗುಡ್ಡದವರೆಗೂ ಕೇಳಿಸುತ್ತದೆ."

ತಟ್ಟೆ ಬಿಡಲು ಯಾರಿಗೂ ಮನಸ್ಸಿಲ್ಲ. ಸುಬೇದಾರರಿಗೂ ಇರಲಿಲ್ಲ. ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಅದು ತಾನಾಗಿ ಮೆತ್ತಗಾಗುವವರೆಗೆ ಕೆನ್ನೆ ಉಬ್ಬಿಸಿ ನಿಂತರು. ನಾವೂ ಹಾಗೇ ಮಾಡಿದೆವು. ಮಂಡಕ್ಕಿಯನ್ನು ಪೆಪ್ಪರಮೆಂಟಿನ ಹಾಗೆ ಚೀಪಿ ತಿಂದ ಸೈನ್ಯ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು.

೩. ಸಾಸಿವೆ

ಭಾನುವಾರ ಬೆಳಗ್ಗೆ ಒಬ್ಬೊಬ್ಬರಿಗೂ ಐದು ನಿಮಿಷ ಫೋನು. ನಾನು ಒಂದು ವಾರ ಅವ್ವನಿಗೆ, ಒಂದು ವಾರ ನಂದಿಗುಡಿಗೆ ಮಾಡುತ್ತಿದ್ದೆ. ನಂದಿಗುಡಿಗೆ ಮಾಡಿದರೆ ಸಿಗುತ್ತಿದ್ದದ್ದು ಮಾವನವರೇ. ಹಿಂದೆ ಎಲ್ಲೋ ಬಳೆಯ ಸದ್ದು ಕೇಳಿದರೆ ಅದೇ ಆ ವಾರದ ಸಂಬಳ.

ಒಂದು ಭಾನುವಾರ ಮಾವನವರು ಮಳೆ, ಗದ್ದೆ ಎಂದು ಮಾತಾಡುತ್ತಿದ್ದಾಗ ಎದುರಿನ ಗುಡ್ಡದಿಂದ ಗುಂಡು ಶುರುವಾಯಿತು. ಚಟ್ ಚಟ್ ಚಟಾರ್.

"ಏನ್ರಿ ಅದು ಸಪ್ಪಳ?" ಎಂದರು.

ನನಗೆ ಎದೆ ಡವಡವ. ಗುಂಡಿನ ಹೆದರಿಕೆಗೆ ಅರ್ಧ, ನಿಜ ಗೊತ್ತಾಗಿ ಹುಡುಗಿ ಕೈತಪ್ಪೀತೆಂಬುದಕ್ಕೆ ಅರ್ಧ. "ಸಾಸಿವೆ, ಮಾವರೆ. ಒಗ್ಗರಣೆ ಹಾಕಾಕತ್ತೀನಿ."

"ಇಷ್ಟು ಜೋರಾ?"

"ಇಪ್ಪತ್ತು ಜನರ ಒಗ್ಗರಣೆ ಅಲ್ರಿ."

ಅಷ್ಟರಲ್ಲಿ ಹತ್ತಿರದಲ್ಲೇ ಒಂದು ಶೆಲ್ ಬಿತ್ತು. ಬಂಕರಿನ ಮಣ್ಣು ನನ್ನ ತಲೆಯ ಮೇಲೆ ಸುರಿಯಿತು. "ಇದು?" ಎಂದರು. "ಒಲೆ ಮ್ಯಾಲಿನ ಡಬರಿ ಬಿತ್ರಿ" ಎಂದೆ.

ಮಾವನವರು ಗಾಬರಿಯಾದರು. "ಉರಿ ಸಣ್ಣ ಮಾಡ್ರಿ ಮೊದಲು. ಮುಖ ಗಿಖ ಸುಟ್ಕೊಂಡೀರಿ. ಒಗ್ಗರಣೆ ಹಾಕೋವಾಗ ದೂರ ನಿಲ್ಲಬೇಕು, ಬಗ್ಗಿ ನಿಲ್ಲಬೇಕು." ಅವರ ಸಲಹೆಯನ್ನು ಅಕ್ಷರಶಃ ಪಾಲಿಸಿದೆ. ಬಗ್ಗಿಯೇ ನಿಂತಿದ್ದೆ.

ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾದೀತು. ಗುಂಡು ನಿಂತ ಮೇಲೂ ಫೋನು ಹಿಡಿದು ಬಗ್ಗಿಯೇ ಇದ್ದೆ. ಏನಾಯಿತೆಂದು ಸುಬೇದಾರರು ಕೇಳಿದರು. ಹೇಳಿದೆ. ಆ ಗಂಭೀರ ಮನುಷ್ಯ ಮಣ್ಣಿನ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದೆ ನಾನಲ್ಲಿ ಇದ್ದಷ್ಟು ದಿನವೂ, ಎದುರಿನಿಂದ ಗುಂಡು ಶುರುವಾದರೆ ಕನ್ನಡದ ಗಂಧವಿಲ್ಲದ ಸುಬೇದಾರರು "ಸಾಸಿವೆ, ಸಾಸಿವೆ" ಎಂದು ಕೂಗುತ್ತಿದ್ದರು. ಪಂಜಾಬಿ, ಬಿಹಾರಿ, ಮಲಯಾಳಿ ಎಲ್ಲರೂ ತಕ್ಷಣ ನೆಲಕ್ಕೆ ಬೀಳುತ್ತಿದ್ದರು.

೪. ನಂದಿಗುಡಿಯ ಹಂಡೆ

ನಿಶ್ಚಿತಾರ್ಥಕ್ಕೆ ರಜೆ ಸಿಕ್ಕಿತು. ಅವತ್ತು ಬೆಳಗ್ಗೆ ಎಂಟಕ್ಕೇ ಹೊಸ ಪಂಚೆ ಉಟ್ಟು ನಾನು, ಅವ್ವ, ನಮ್ಮ ಕಡೆಯವರು ನಂದಿಗುಡಿಯಲ್ಲಿ ಹಾಜರ್. ಉಂಗುರ ಹಾಕುವುದು ಹನ್ನೆರಡೂವರೆಗೆ, ಆಮೇಲೆ ಇನ್ನೂರು ಜನಕ್ಕೆ ಊಟ. ಹರಿಹರದಿಂದ ಬರಬೇಕಿದ್ದ ಅಡುಗೆಯವರು ದಾರಿಯಲ್ಲಿ ಗಾಡಿ ಕೆಟ್ಟು ನಿಂತಿದೆ ಎಂದು ಫೋನ್ ಮಾಡಿದರು. ಮನೆಯವರೆಲ್ಲ ತಲೆ ಮೇಲೆ ಕೈಹೊತ್ತರು. ಮಾವನವರು ಮಾತ್ರ ನಿಶ್ಚಿಂತೆ.

"ಯಾಕ ಗಾಬರಿ? ಅಳಿಯಂದ್ರು ಇದಾರಲ್ಲ. ಪಲ್ಯ, ಸಾರು, ಪಾಯಸ ಹೆಣ್ಮಕ್ಕಳು ನೋಡ್ಕೊಳ್ತಾರೆ. ಅನ್ನ ಒಂದು ನೀವು ಇಳಿಸಿಕೊಡ್ರಿ ಸಾಕು."

ನಾನು ಅವ್ವನ ಕಡೆ ನೋಡಿದೆ. ಅವ್ವ ಬಹಳ ಆಸಕ್ತಿಯಿಂದ ತೆಂಗಿನ ಗರಿ ನೋಡುತ್ತಿದ್ದಳು.

ಹಿತ್ತಲಿನಲ್ಲಿ ಒಲೆ, ಅದರ ಮೇಲೆ ಆಳು ಕೂರುವಷ್ಟು ದೊಡ್ಡ ಹಂಡೆ. ಅಕ್ಕಿ ಮಾವನವರದೇ ಗದ್ದೆಯದು. ಠಾಣೆಯಲ್ಲಿ ಅಡುಗೆಯವನು ಅನ್ನ ಮಾಡುವುದನ್ನು ನೂರು ಸಲ ನೋಡಿದ್ದೆ. ಅಷ್ಟೆತ್ತರದ ಗುಡ್ಡದ ಮೇಲೆ ಅಕ್ಕಿ ಸುಲಭಕ್ಕೆ ಬೇಯುವುದಿಲ್ಲ. ಅವನು ನೀರು ಮಾಮೂಲಿಗಿಂತ ಎರಡರಷ್ಟು ಹೊಯ್ದು, ಮುಚ್ಚಳದ ಮೇಲೆ ಕಲ್ಲು ಹೇರಿ, ಗಂಟೆಗಟ್ಟಲೆ ಉರಿಸುತ್ತಿದ್ದ. ನಾನೂ ಅದನ್ನೇ ಮಾಡಿದೆ. ನೀರು ಎರಡರಷ್ಟು ಹೊಯ್ದೆ. ಮುಚ್ಚಳದ ಮೇಲೆ ಬೀಸುಕಲ್ಲು ಇಟ್ಟೆ. ನಂದಿಗುಡಿ ಗುಡ್ಡದ ಮೇಲಿಲ್ಲ, ಬಯಲಿನಲ್ಲಿದೆ ಎಂಬ ಸಣ್ಣ ವಿಷಯ ನನಗೆ ಹೊಳೆಯಲಿಲ್ಲ.

ಹನ್ನೊಂದೂವರೆಗೆ ಮಾವನವರು ಬಂದು ಮುಚ್ಚಳ ತೆಗೆಸಿದರು. ಸೌಟು ಇಳಿಸಿ ಎಳೆದರು. ಬರಲಿಲ್ಲ. ಎರಡು ಕೈಯಲ್ಲಿ ಎಳೆದರು. ಹಂಡೆಯೇ ಅಲುಗಾಡಿತು. ಹುಟ್ಟಿದಾಗಿನಿಂದ ಭತ್ತ ಬೆಳೆದ ಮನುಷ್ಯ ತಮ್ಮ ಅಕ್ಕಿಗೆ ಬಂದ ಗತಿಯನ್ನು ಸುಮ್ಮನೆ ನೋಡುತ್ತ ನಿಂತರು.

"ಅಳಿಯಂದ್ರೆ, ಮಿಲ್ಟ್ರಿಯಾಗ ದಿನಾ ಇದನ್ನೇ ತಿಂತಾರೇನ್ರಿ?"

ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. "ಇಲ್ರಿ ಮಾವರೆ. ನಾನು ಅಡಿಗೆಯವನಲ್ಲ, ಬಂದೂಕು ಹಿಡಿಯೋನು. ಗಡಿ ಮ್ಯಾಲೇ ಇರೋದು. ಅವತ್ತು ಸಿಡಿದದ್ದು ಸಾಸಿವೆ ಅಲ್ರಿ. ಸುಳ್ಳು ಹೇಳಿದ್ದು ತಪ್ಪಾತು."

ಅವ್ವ ಸೆರಗು ಬಾಯಿಗೆ ಹಿಡಿದುಕೊಂಡಳು. ಮಾವನವರು ಕಟ್ಟೆಯ ಮೇಲೆ ಕೂತರು. ಕೊನೆಗೆ, "ಡಬರಿ ಬಿತ್ತು ಅಂದ್ರಲ್ಲ, ಅದು?" ಎಂದರು. "ಶೆಲ್ಲು" ಎಂದೆ. ಅವರ ಕಣ್ಣು ಒದ್ದೆಯಾಯಿತು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅಷ್ಟು ಭಯ ನನಗೆ ಠಾಣೆಯಲ್ಲೂ ಆಗಿರಲಿಲ್ಲ.

"ಇದು ನಾನೊಬ್ಬನೇ ಹೇಳೋ ಮಾತಲ್ಲ" ಎಂದು ಮಗಳನ್ನು ಕರೆಸಿದರು. ರೇಷ್ಮೆ ಸೀರೆಯಲ್ಲಿ ಬಂದು ನಿಂತಳು. ತಂದೆ ಎಲ್ಲವನ್ನೂ ಹೇಳಿ, "ಈಗ ಏನಂತೀಯಮ್ಮ?" ಎಂದು ಕೇಳಿದರು.

ಅವಳು ನನ್ನ ಮುಖ ನೋಡಲಿಲ್ಲ. ಹಂಡೆಯ ಹತ್ತಿರ ಹೋಗಿ, ನೆಟ್ಟಗೆ ನಿಂತಿದ್ದ ಸೌಟನ್ನು ಒಂದು ಸಲ ಅಲ್ಲಾಡಿಸಿ ನೋಡಿದಳು. ಆಮೇಲೆ ತಂದೆಗೆ ಹೇಳಿದಳು.

"ಅಪ್ಪಾಜಿ, ಬಂದೂಕು ಹಿಡಿದ್ರೆ ಇವರೊಬ್ಬರ ಜೀವಕ್ಕೆ ಅಪಾಯ. ಸೌಟು ಹಿಡಿದ್ರೆ ಇಡೀ ಪಟಾಲಮ್ಮಿಗೇ ಅಪಾಯ. ಬಂದೂಕೇ ಹಿಡೀಲಿ ಬಿಡ್ರಿ. ಉಂಗುರ ತರ್ರಿ."