ಬಲಗಾಲಿನ ನೋವಿಗೆ ಎಡಗಾಲಿನ ಎಣ್ಣೆ

ನಮ್ಮ ನೆಂಟರಿಷ್ಟರಲ್ಲಿ ಪ್ರಚಲಿತವಿರುವ ಕಥೆಯ ಪ್ರಕಾರ, ನನ್ನ ಬಲ ಮೊಣಕಾಲು ಗುಣವಾದದ್ದು ಅವ್ವನ ಎಣ್ಣೆಯಿಂದ. ಆ ಎಣ್ಣೆ ಆ ಮೊಣಕಾಲನ್ನು ಒಮ್ಮೆಯೂ ಮುಟ್ಟಿಲ್ಲ ಎಂಬುದು ಯಾರಿಗೂ ತೊಡಕಾಗಿ ಕಂಡಿಲ್ಲ. ಆದ್ದರಿಂದ ಪ್ರತಿಪಕ್ಷದ ಹೇಳಿಕೆಯನ್ನೂ ದಾಖಲಿಸಬೇಕಾಗಿದೆ. ಪ್ರತಿಪಕ್ಷ ಎಂದರೆ ನಾನು.

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಕೊಂಕಣಿ ನಾಡಿನ ಮ್ಹಾಪಸಾ ಪೇಟೆಯ ನಮ್ಮ ಬಟ್ಟೆಯಂಗಡಿಯಲ್ಲಿ, ಟವೆಲ್ಲುಗಳ ಮೇಲಿನ ಕಪಾಟಿನಲ್ಲಿವೆ. ಅಂಥವನು ಬಸ್ಸಿನಿಂದ ಇಳಿಯುವಾಗ ಕಂಡಕ್ಟರನ ಕೊನೆಯ ಮಾತಿಗೆ ಉತ್ತರ ಕೊಡದೆ ಹೋಗುವುದುಂಟೇ? ತಿರುಗಿದೆ. ದೇಹ ತಿರುಗಿತು, ಬಲಪಾದ ತಿರುಗಲಿಲ್ಲ. ಕಂಡಕ್ಟರ್ ಸೀಟಿ ಊದಿ ಹೊರಟೇಹೋದ. ಮೊಣಕಾಲಿನ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟು ಅರ್ಧ ಹರಿದಿದೆ, ಆಪರೇಷನ್ ಬೇಡ, ಪಟ್ಟಿ, ಊರುಗೋಲು, ವ್ಯಾಯಾಮ ಸಾಕು ಎಂದರು ಡಾಕ್ಟರು.

ತಂಗಿ ಸುಧಾಳ ಮದುವೆ ಹತ್ತಿರ ಬಂದಿತ್ತು. ಮಂಗಳಾಷ್ಟಕ ಮುಗಿಯುವವರೆಗೆ ವಧೂವರರ ನಡುವಿನ ಅಂತರಪಟದ ಒಂದು ತುದಿಯನ್ನು ಅಣ್ಣನಾದ ನಾನು ಹಿಡಿಯಬೇಕು. ಅದಕ್ಕೆ ಎರಡೂ ಕೈ ಬೇಕು. ಊರುಗೋಲಿಗೆ ಕೈ ಉಳಿಯುವುದಿಲ್ಲ.

"ಅಣ್ಣಾ, ನೀ ಖುರ್ಚಿ ಮ್ಯಾಲೆ ಕುಂತು ಹಿಡಿದ್ರ ಪಟ ಎದಿಮಟ ಬರ್ತೈತಿ. ಮಂತ್ರ ಮುಗಿಯೋದ್ರಾಗ ನಾವು ಮಾರಿ ನೋಡ್ಕೊಂತ ನಿಂತಿರ್ತೀವಿ," ಎಂದಳು ಸುಧಾ. ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ಊರುಗೋಲಿನ ಮೇಲಿತ್ತು.

"ನಿಂತೇ ಹಿಡಿತೀನಿ," ಎಂದೆ. ಮಾತಿನಲ್ಲಿ ನಾನೆಂದೂ ಹಿಂದೆ ಬಿದ್ದವನಲ್ಲ.

ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿಸ್ಟ್ ಬಾಯಿಯವರು ಕೊಂಕಣಿಯಲ್ಲೂ ಹಿಂದಿಯಲ್ಲೂ ಬೇಡಿಕೊಂಡರು: ಬಲಗಾಲಿನ ಮೇಲೆ ಭಾರ ಹಾಕು. ಹರಿದ ಹಗ್ಗಕ್ಕೆ ಭಾರ ಕಟ್ಟುವುದು ಯಾವ ತರ್ಕ ಎಂದು ನಾನು ಖಂಡಿಸಿದೆ. ದಿನವೂ ಚರ್ಚೆ ಗೆದ್ದು, ದಿನವೂ ಎಡಗಾಲಿನ ಮೇಲೆ ಕುಪ್ಪಳಿಸುತ್ತ ಮನೆಗೆ ಬಂದೆ.

ಅಷ್ಟರಲ್ಲಿ ಅವ್ವ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆಯ ಬಾಟಲಿ ತಂದಳು.

"ಭಾಳ ಉರಿ ಎಣ್ಣಿ ಇದು. ಕೊಬ್ಬರಿ ಎಣ್ಣಿಯೊಳಗ..."

"ಪುರಾವೆ ಏನೈತಿ?" ಎಂದು ತಡೆದೆ.

"ಹಚ್ಚಿ ನೋಡು, ಗೊತ್ತಾಗ್ತೈತಿ. ಆದ್ರ ಮೊದಲ ಕೊಬ್ಬರಿ..."

"ಅವ್ವಾ, ಒಂದೇ ಕಾಲಿಗೆ ಎರಡೂ ಮಾಡಿದ್ರ ಯಾವುದ್ರಿಂದ ಗುಣ ಆತು ಅಂತ ಹೆಂಗ ತಿಳೀಬೇಕು? ವ್ಯಾಯಾಮ ಬಲಗಾಲಿಗೆ. ಎಣ್ಣಿ ಎಡಗಾಲಿಗೆ."

"ಎಡಗಾಲಿಗೆ ಏನಾಗೇತಿ?"

"ಏನೂ ಆಗಿಲ್ಲ. ಎಣ್ಣಿಯಿಂದ ಏನೂ ಆಗೂದೂ ಇಲ್ಲ. ಅದನ್ನಽ ಸಾಬೀತು ಮಾಡಾಕತ್ತೇನಿ."

ಪ್ರಯೋಗದ ಘನತೆಗೆ ಕುಂದು ಬರಬಾರದೆಂದು ಏನೂ ಬೆರೆಸದೆ ಧಾರಾಳವಾಗಿ ಸುರಿದುಕೊಂಡೆ. ಬೆಳಗಾಗುವಷ್ಟರಲ್ಲಿ ಎಡ ಮೊಣಕಾಲಿನ ಮೇಲೆ ಬೊಬ್ಬೆಗಳು ಪಾನಿಪುರಿಯಂತೆ ಉಬ್ಬಿ ನಿಂತಿದ್ದವು. ಮಡಚಿದರೆ ಉರಿ. ಊರಿದರೆ ಇನ್ನೂ ಉರಿ.

"ಬರೊ ಪಾಂಯ್ ಖಂಯ್ಚೊ?" ಎಂದು ಕೇಳಿದರು ಫಿಜಿಯೋಥೆರಪಿಸ್ಟ್. ಒಳ್ಳೆಯ ಕಾಲು ಯಾವುದು? ಚರ್ಚೆಯ ಸಮಯ ಮುಗಿದ ಗಂಟೆ ಯಾರಾದರೂ ಬಾರಿಸಬಾರದೇ ಎಂದು ನನಗೆ ಅನಿಸಿದ್ದು ಅದೇ ಮೊದಲು.

ಇನ್ನು ಊರುವುದಿದ್ದರೆ ಬಲಗಾಲೊಂದೇ. ಹಲ್ಲು ಕಚ್ಚಿ ಊರಿದೆ. ಮುರಿಯಲಿಲ್ಲ. ಮರುದಿನ ಇನ್ನಷ್ಟು ಊರಿದೆ. ಫಿಜಿಯೋಥೆರಪಿಸ್ಟ್ ಅಷ್ಟು ದಿನ ಬೇಡಿದ್ದನ್ನು ಬೊಬ್ಬೆಗಳು ಒಂದು ಮಾತೂ ಆಡದೆ ಮಾಡಿಸಿದವು.

ಮದುವೆಯಲ್ಲಿ ನಿಂತೇ ಪಟ ಹಿಡಿದೆ, ಬಲಗಾಲಿನ ಮೇಲೆ. ಎಡಗಾಲನ್ನು ಧೋತರ ತಾಗದಂತೆ ಪಕ್ಕಕ್ಕೆ ಚಾಚಿದ್ದರಿಂದ, ಫೋಟೋದಲ್ಲಿ ಪುರೋಹಿತರನ್ನು ಒದೆಯಲು ಹೊರಟವನಂತೆ ಕಾಣುತ್ತೇನೆ.

"ಅಣ್ಣಾ, ಬೀಳಬ್ಯಾಡ," ಎಂದು ಸುಧಾ ಪಿಸುಗುಟ್ಟಿದಳು. ಪಟ ಒಂದು ಬೆರಳೂ ಇಳಿಯಲಿಲ್ಲ.

ಊಟದ ಪಂಕ್ತಿಯಲ್ಲಿ ಅವ್ವ ಶುರು ಮಾಡಿದಳು. "ಎಡಗಾಲಿಗೆ ಎಣ್ಣಿ ಹಚ್ಚಿದಾ, ಬಲಗಾಲಿನ ಮ್ಯಾಲೆ ಎದ್ದು ನಿಂತಾ. ಬೇಕಾದ್ರ ಅವನ್ನ ಕೇಳ್ರಿ."

ಖಂಡಿಸಲು ಬಾಯಿ ತೆರೆದೆ. ಅವ್ವನ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಬೆಳಗಾವಿಯ ಅತ್ತೆ ಮೊಣಕಾಲು ತಿಕ್ಕಿಕೊಳ್ಳುತ್ತ ನನ್ನ ಕಡೆಗೆ ಬಾಗಿದರು.

"ನಂದೂ ಬಲಗಾಲ ನೋವು, ತಮ್ಮಾ. ನೀ ಕಲಿತಾಂವ, ಖರೇ ಹೇಳು. ಎಣ್ಣಿ ಯಾವ ಕಾಲಿಗೆ ಹಚ್ಚಲಿ?"